ರಾತ್ರಿ ಎದ್ದವರು ಸಂತ ಜೋಸೆಫರು



ಬೆಳಕು ಹರಿಯುವ ಮುನ್ನವೇ ಲಿಂಗಸುಗೂರು ಸೀಮೆಯ ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದೆ. ಒಲೆಯ ಮುಂದೆ ಕುಳಿತ ತಾಯಿಗೆ ಪುರಸೊತ್ತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದರೆ ಸಿಂಧನೂರಿನ ಗದ್ದೆಗಳಲ್ಲಿ ಭತ್ತದ ನಾಟಿ ಯಾರಿಗೂ ಕಾಯುವುದಿಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಗಂಡನ ಪಾಳಿ ಬದಲಾದಂತೆ ಮನೆಯ ಹೊತ್ತೂ ಬದಲಾಗುತ್ತದೆ. ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುವ ತಾಯಿ ಬಸ್ಸಿಗೆ ಓಡಬೇಕು. ಅಷ್ಟರಲ್ಲಿ ಕೂಸು ಎದ್ದು ಸೆರಗು ಹಿಡಿಯುತ್ತದೆ.

"ದುಡಿಯಲು ಹೋದರೆ ಮಕ್ಕಳಿಗೆ ಅನ್ಯಾಯ, ಹೋಗದಿದ್ದರೆ ಒಲೆ ಹೊತ್ತುವುದಿಲ್ಲ. ಭಾನುವಾರ ಮಗುವಿಗೆ ಜ್ವರ ಬಂದರೆ ಪೂಜೆಯೂ ತಪ್ಪುತ್ತದೆ. ನಾನು ಪಾಪ ಮಾಡುತ್ತಿದ್ದೇನೆಯೇ ಫಾದರ್?" ಇಂಥ ಪ್ರಶ್ನೆ ಅನೇಕ ತಾಯಂದಿರ ಎದೆಯಲ್ಲಿ ಕುಟುಕುತ್ತಿದೆ.

ಇಲ್ಲ ತಾಯೇ, ಅದು ಪಾಪವಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಭಾನುವಾರದ ಬಲಿಪೂಜೆಗೆ ಬರಲಾಗದ ನ್ಯಾಯವಾದ ಕಾರಣಗಳಲ್ಲಿ ಹಸುಗೂಸಿನ ಆರೈಕೆಯನ್ನು ಹೆಸರಿಸಿಯೇ ಹೇಳಿದೆ. ಧರ್ಮಸಭೆ ಹೊರಿಸದ ಹೊರೆಯನ್ನು ನೀವಾಗಿಯೇ ತಲೆಯ ಮೇಲೆ ಹೊತ್ತುಕೊಳ್ಳಬೇಡಿ.

ಹಾಗಾದರೆ ಆತ್ಮಶೋಧನೆ ಮಾಡಿಕೊಳ್ಳಬೇಕಾದವರು ಯಾರು? ಮನೆಯ ಉಳಿದವರು, ನಾವೆಲ್ಲರೂ. ಜ್ಞಾನೋಕ್ತಿಗಳ ಗ್ರಂಥದ ಕೊನೆಯ ಅಧ್ಯಾಯದ ಗುಣವತಿ ಸ್ತ್ರೀಯನ್ನು ನಾವು ಹಾಡಿ ಹೊಗಳುತ್ತೇವೆ. ಆಕೆ ಇರುಳಿರುವಾಗಲೇ ಏಳುತ್ತಾಳೆ, ಹೊಲ ಕೊಳ್ಳುತ್ತಾಳೆ, ವ್ಯಾಪಾರ ಮಾಡುತ್ತಾಳೆ. ಆದರೆ ಆಕೆಯ ಮನೆಯಲ್ಲಿ ಸೇವಕಿಯರಿದ್ದರೆಂಬುದನ್ನು ಮರೆಯುತ್ತೇವೆ! ಆ ಪುಣ್ಯವತಿಗೂ ಕೈಗೂಡಿಸುವವರು ಬೇಕಾಗಿದ್ದರು.

ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನೋಡಿ. ಹೆರೋದನು ಮಗುವನ್ನು ಕೊಲ್ಲಲು ಹುಡುಕುತ್ತಿದ್ದಾನೆ. ದೇವದೂತನ ಎಚ್ಚರಿಕೆ ಬಂದದ್ದು ಜೋಸೆಫರಿಗೆ. ಅವರು ಆ ರಾತ್ರಿಯೇ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. "ಮಗು ನಿನ್ನದು, ನೀನೇ ನೋಡಿಕೋ" ಎಂದು ಮಗ್ಗುಲು ಬದಲಿಸಲಿಲ್ಲ. ಹಗಲೆಲ್ಲ ದುಡಿಯುವ ಬಡಗಿ ಅವರು, ಅವರಿಗೂ ಆಯಾಸವಿತ್ತು. ಪ್ರಿಯ ಗಂಡಂದಿರೇ, ನಡುರಾತ್ರಿ ನಿಮ್ಮ ಮನೆಯಲ್ಲಿ ಕೂಸು ಅತ್ತಾಗ ಏಳುವವರು ಯಾರು?

ಇಟಲಿಯ ಸಂತ ಜಿಯನ್ನಾ ಬೆರೆಟ್ಟಾ ಮೊಲ್ಲಾ ಮಕ್ಕಳ ವೈದ್ಯೆ. ತಾಯಿಯಾದ ಮೇಲೂ ರೋಗಿಗಳ ಸೇವೆ ಬಿಡಲಿಲ್ಲ. 1962ರಲ್ಲಿ ನಿಧನರಾದ ಈ ತಾಯಿಯನ್ನು 2004ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಸಂತಳೆಂದು ಘೋಷಿಸಿದಾಗ ಪತಿ, ಮಕ್ಕಳು ಅಲ್ಲಿದ್ದರು. ಮನೆಯೂ ದುಡಿಮೆಯೂ ಎರಡೂ ಪಾವನತೆಯ ಹಾದಿಯೇ. ಅದೇ ಜಗದ್ಗುರುಗಳು 1981ರಲ್ಲಿ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲಿ, ಹೆಣ್ಣುಮಗಳು ಮುಂದೆ ಬರಲು ಕುಟುಂಬವನ್ನು ಬೆಲೆಯಾಗಿ ತೆರಬೇಕಾಗದಂತೆ ದುಡಿಮೆಯ ಏರ್ಪಾಡು ಇರಬೇಕೆಂದು ಬೋಧಿಸಿದರು.

2017ರ ತಿದ್ದುಪಡಿ ಕಾಯ್ದೆಯು ಮೊದಲೆರಡು ಹೆರಿಗೆಗಳ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿತು. 50 ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರವಿರಬೇಕೆಂದಿತು. ಒಳ್ಳೆಯದೇ. ಆದರೆ ಕೂಲಿಗೆ ಕೆಸರಿನಲ್ಲಿ ಬಗ್ಗಿ ನಾಟಿ ಮಾಡುವ ತಾಯಿಗೆ ರಜೆ ಕೊಡುವವರಾರು? ಆಕೆಯ ಮಗು ಬದುವಿನ ಮೇಲೆ, ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗಿರುತ್ತದೆ.

ಇಲ್ಲಿ ಧರ್ಮಕೇಂದ್ರಕ್ಕೆ ಕೆಲಸವಿದೆ. ನಾಟಿಯ ವಾರಗಳಲ್ಲಿ ದೇವಾಲಯದ ಸಭಾಂಗಣದ ಬಾಗಿಲು ತೆರೆದು, ಇಬ್ಬರು ಹಿರಿಯ ತಾಯಂದಿರು ಜಾತಿಮತ ನೋಡದೆ ಊರ ಮಕ್ಕಳನ್ನು ನೋಡಿಕೊಂಡರೆ ಅದು ನಿಜವಾದ ಆರಾಧನೆ. ಅತ್ತೆಯಂದಿರು "ನಮ್ಮ ಕಾಲದಲ್ಲಿ" ಎಂಬ ಮಾತನ್ನು ಬಿಟ್ಟು ಮೊಮ್ಮಗುವನ್ನು ಎತ್ತಿಕೊಳ್ಳಲಿ. ಗಂಡನು ನೀರು ತರಲಿ, ಮಗುವಿಗೆ ಉಣಿಸಲಿ. ಇದರಿಂದ ಗಂಡಸುತನಕ್ಕೆ ಕುಂದಿಲ್ಲ.

ತಾಯಂದಿರೇ, ಮನೆಗೆ ಬಂದೊಡನೆ ಪಾತ್ರೆಗಳ ಕಡೆ ನೋಡದೆ ಮೊದಲು ಮಗುವನ್ನು ಅಪ್ಪಿಕೊಳ್ಳಿ. ಪೂರ್ತಿ ಜಪಸರ ಹೇಳಲಾಗದಿದ್ದರೆ ಮಲಗುವ ಮುನ್ನ ಎಲ್ಲರೂ ಕೂಡಿ ಒಂದು ನಮೋ ಮರಿಯ ಹೇಳಿ ಸಾಕು. ಅಂದು ಆ ಪ್ರಾರ್ಥನೆಯನ್ನು ತಂದೆಯೇ ಆರಂಭಿಸಲಿ.

ಇಂದು ರಾತ್ರಿ ಕೂಸು ಅತ್ತರೆ, ಮನೆಯ ಯಜಮಾನರೇ, ಸಂತ ಜೋಸೆಫರನ್ನು ನೆನೆದು ನೀವು ಏಳಿ. ದೇವರು ನಿಮ್ಮ ಕುಟುಂಬವನ್ನು ಆಶೀರ್ವದಿಸಲಿ.