ಎರಡು ಹಾಳೆಗಳ ನಡುವೆ

ಮೈಲಿಗೆ ಒಂದು ಇಂಚಿನ ಲೆಕ್ಕದಲ್ಲಿ ಸರ್ವೆ ಆಫ್ ಇಂಡಿಯಾ ಅಚ್ಚು ಹಾಕಿಸಿದ್ದ ಹಳೆಯ ಭೂನಕ್ಷೆಗಳಲ್ಲಿ ತರೀಕೆರೆ ಒಂದು ಹಾಳೆಗೆ ಸೇರಿದರೆ ಕಡೂರು ಇನ್ನೊಂದಕ್ಕೆ. ಹಾಳೆಗಳ ಗಡಿಯಾದ 76ನೇ ರೇಖಾಂಶ ಕಡೂರು, ಅಜ್ಜಂಪುರಗಳ ಮಗ್ಗುಲಲ್ಲೇ ಹಾದುಹೋಗುತ್ತದೆ. ಈ ಸೀಮೆಯ ನೀರಿನ ದಾರಿ ತಿಳಿಯಬೇಕೆಂದರೆ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿಯೇ ನೋಡಬೇಕು.

ಬಾಬಾಬುಡನ್‌ಗಿರಿ ಸಾಲಿನಿಂದ ಇಳಿದ ವೇದಾ ಹೊಳೆ ಸಖರಾಯಪಟ್ಟಣದ ಬಳಿ ಅಯ್ಯನಕೆರೆಯನ್ನು ತುಂಬಿಸುತ್ತದೆ, ಅವತಿ ಮದಗದ ಕೆರೆಯನ್ನು. ಈ ಎರಡೂ ಹೊಳೆಗಳು ಕೂಡಿ ವೇದಾವತಿಯಾಗಿ ಹಿರಿಯೂರಿನತ್ತ ಸಾಗುತ್ತವೆ. ತರೀಕೆರೆಯ ಪಶ್ಚಿಮದ ಹಳ್ಳಗಳು ಮಾತ್ರ ಭದ್ರೆಯ ಕಡೆ ಮುಖ ಮಾಡಿವೆ. ನಡುವಿನ ದಿಣ್ಣೆಯನ್ನು 50 ಅಡಿ ಎತ್ತರಕ್ಕೊಂದರಂತೆ ಎಳೆದ ಕಂದು ಗೆರೆಗಳು ತೋರಿಸುತ್ತವೆ.

ನಾನು ಹೆಚ್ಚು ಹೊತ್ತು ನೋಡುವುದು ಸಣ್ಣ ಹಳ್ಳಗಳನ್ನು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ. ನಕ್ಷೆಯಲ್ಲಿ ವರ್ಷವಿಡೀ ನೀರಿರುವಲ್ಲಿ ನೀಲಿ, ಮಳೆ ನಿಂತ ಮೇಲೆ ಬತ್ತುವ ಹಳ್ಳಕ್ಕೆ ಕಪ್ಪು. ಆ ಕಪ್ಪು ಗೆರೆಗಳು ನನಗೆ ಬಂಗಾರಕ್ಕಿಂತ ಹೆಚ್ಚು. ಕೆರೆಯಂಗಳ ಒತ್ತುವರಿಯಾದರೆ ಊರಿಗೆಲ್ಲ ಕಾಣುತ್ತದೆ. ತಿಂಗಳುಗಟ್ಟಲೆ ಒಣಗಿ ಬಿದ್ದಿರುವ ಹಳ್ಳ ತೋಟದೊಳಗೆ ಸೇರಿಹೋದರೆ, ರಸ್ತೆಯ ಮಣ್ಣಿನಡಿ ಮುಚ್ಚಿಹೋದರೆ ಕೇಳುವವರಿಲ್ಲ. ಆಮೇಲೆ ಎಷ್ಟು ಹೂಳೆತ್ತಿದರೂ ಕೆರೆ ತುಂಬುವುದಿಲ್ಲ, ನಾವು ಮಳೆಯನ್ನು ದೂರುತ್ತ ಕೂರುತ್ತೇವೆ.

ಇಂದು ಭದ್ರಾ ಮೇಲ್ದಂಡೆ ಯೋಜನೆ ಅಜ್ಜಂಪುರದ ಬಳಿ ಅದೇ ದಿಣ್ಣೆಗೆ ಸುರಂಗ ಕೊರೆದು, ಪಂಪಿನಿಂದ ಮೇಲೆತ್ತಿದ ಭದ್ರೆಯ ನೀರನ್ನು ಪೂರ್ವಕ್ಕೆ ದಾಟಿಸುತ್ತಿದೆ. 2022ರಲ್ಲಿ ವೇದಾವತಿಯ ಜಲಾಶಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಬಯಲುಸೀಮೆಯ ಜನ ಸಂಭ್ರಮಿಸಿದ್ದು ಸಹಜವೇ. ನದಿಯ ನೀರು ಬರಲಿ, ಬರಬೇಕು. ಆದರೆ ಪ್ರತಿ ಊರಿನ ಕಟ್ಟೆಗೂ ಪೈಪು ಬಾರದು. ಕಟ್ಟೆಯನ್ನು ತುಂಬಿಸಬೇಕಾದದ್ದು ಅದರ ಸ್ವಂತ ಹಳ್ಳ.

1:50,000 ಪ್ರಮಾಣದ ಈಚಿನ ಹಾಳೆಗಳನ್ನು ಸರ್ವೆ ಆಫ್ ಇಂಡಿಯಾ 2017ರಿಂದ ಉಚಿತವಾಗಿಯೇ ಕೊಡುತ್ತಿದೆ. ಹೂಳೆತ್ತುವ ಕೆಲಸದ ಅಂದಾಜುಪಟ್ಟಿ ಬರೆಯುವ ಮುಂಚೆ ಗ್ರಾಮಸಭೆಯಲ್ಲಿ ಹಳೆಯದು, ಹೊಸದು ಎರಡನ್ನೂ ಹರಡಿಕೊಂಡು, ಹಳ್ಳ ಬಂದ ದಾರಿ ಎಲ್ಲಿ ಕಟ್ಟಿಹೋಗಿದೆಯೆಂದು ಕೆರೆಯ ನೀರು ಹಂಚುವ ನೀರಗಂಟಿಗಳ ಮನೆಯ ಹಿರಿಯರನ್ನು ಕೇಳಿದರೆ, ಜೆಸಿಬಿ ಮೊದಲು ಹೋಗಬೇಕಾದ ಜಾಗ ಗೊತ್ತಾದೀತು.