ಕತ್ತಲೆ ಕಾಯುವ ಸಾಮಾನುಗಳು

1969ರ ಜುಲೈಯಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಚಂದ್ರನಿಂದ ಹೊರಡುವಾಗ, ಅಲ್ಲಿನ ನೆಲದ ಮೇಲೆ ಓಡಾಡುತ್ತಾ ಚಿತ್ರ ತೆಗೆದಿದ್ದ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಬಂದರು. ಅದರ ಮೂತಿಗಿದ್ದ ಜೈಸ್ ಬಯೋಗಾನ್ ಲೆನ್ಸೂ ಅಲ್ಲೇ ಉಳಿಯಿತು. ಸುಮಾರು 21.5 ಕಿಲೋ ಕಲ್ಲುಮಣ್ಣನ್ನು ಹೊತ್ತು ತರಬೇಕಿತ್ತು. ಮೇಲೇರುವ ನೌಕೆಯಲ್ಲಿ ಒಂದೊಂದು ಕಿಲೋ ಭಾರಕ್ಕೂ ಲೆಕ್ಕವಿತ್ತು. ಭೂಮಿಗೆ ಮರಳಿದ್ದು ಕ್ಯಾಮೆರಾದ ಬೆನ್ನಿಗೆ ಸಿಕ್ಕಿಸುವ ಫಿಲಂ ಮ್ಯಾಗಜಿನ್. ಬಿಡಿಯಾಗಿಯೂ ಕೊಳ್ಳಬಹುದಾದ, ಬೇಕೆಂದಾಗ ಕಳಚಿ ಇಡಬಹುದಾದ ಒಂದು ಪರಿಕರ. ನಾವು ಮುಖ್ಯ ಎಂದುಕೊಂಡದ್ದು ಅಲ್ಲಿ ಧೂಳಿನಲ್ಲಿ ಉಳಿಯಿತು, ಜೊತೆಯ ಸಾಮಾನು ಚಂದ್ರನನ್ನು ತನ್ನೊಳಗಿನ ಕತ್ತಲೆಯಲ್ಲಿ ಇಟ್ಟುಕೊಂಡು ಮನೆಗೆ ಬಂತು. ಇದನ್ನು ತಿಳಿದ ಮೇಲೆ ಕ್ಯಾಮೆರಾದ ಚೀಲದಲ್ಲಿರುವ ಯಾವ ಸಣ್ಣ ಸಾಮಾನನ್ನೂ ಸಣ್ಣದೆಂದು ನೋಡಲು ನನಗೆ ಆಗಿಲ್ಲ.

ಆ ಚಂದ್ರಚಿತ್ರಗಳಲ್ಲೆಲ್ಲ ಸಾಲಾಗಿ ಪುಟ್ಟ ಪುಟ್ಟ ಕೂಡುಗುರುತುಗಳಿವೆ, ನೋಡಿರುತ್ತೀರಿ. ಫಿಲಂನ ಮುಂದೆ ಒಂದು ಗಾಜಿನ ತಟ್ಟೆ ಇತ್ತು. ಅದರ ಮೇಲೆ 10 ಮಿಲಿಮೀಟರ್ ಅಂತರದಲ್ಲಿ ಕೆತ್ತಿದ ಗುರುತುಗಳವು, ಐದು ಸಾಲಿನಲ್ಲಿ ಐದೈದು. ಫಿಲಂ ಎಲ್ಲಾದರೂ ಹಿಗ್ಗಿದ್ದರೆ, ಸೊಟ್ಟಗಾಗಿದ್ದರೆ ಆ ಗುರುತುಗಳ ನಡುವಿನ ಅಂತರ ನೋಡಿ ಹೇಳಬಹುದು. ಫಿಲಂ ಸುತ್ತುವಾಗ ಗಾಜಿಗೆ ಉಜ್ಜಿ ವಿದ್ಯುತ್ ಕಿಡಿ ಹುಟ್ಟಬಾರದೆಂದು ಆ ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ, ವಿದ್ಯುತ್ ಹರಿಯಬಲ್ಲ ಲೇಪವನ್ನೂ ಕೊಟ್ಟಿದ್ದರು. ಗಾಳಿಯೇ ಇಲ್ಲದ ಜಾಗದಲ್ಲಿ ಒಂದು ಕಿಡಿ ಏನು ಮಾಡೀತು ಎಂದು ಮೊದಲೇ ಯೋಚಿಸಿದ ಆ ಮನಸ್ಸನ್ನು ನೆನೆದರೆ ಗೌರವ ಉಕ್ಕುತ್ತದೆ.

ಈ ಜಾತಿಯ ಕ್ಯಾಮೆರಾಗಳಿಗಿರುವ ಮೀಡಿಯಂ ಫಾರ್ಮ್ಯಾಟ್ ಎಂಬ ಹೆಸರು ಹೊಸದೆನಿಸಿದರೂ ವಸ್ತು ನಮಗೆ ಹೊಸದಲ್ಲ. ನಮ್ಮ ಊರುಗಳ ಸ್ಟುಡಿಯೋದವರು ‘ಒನ್ ಟ್ವೆಂಟಿ ರೋಲ್’ ಎನ್ನುತ್ತಿದ್ದರು. ಹಳೆಯ ಮದುವೆ ಆಲ್ಬಮ್‌ಗಳಲ್ಲಿ ಮೂಲೆಗೆ ಕಾಗದದ ಕಿವಿ ಸಿಕ್ಕಿಸಿಕೊಂಡು ಕೂತಿರುವ ಚೌಕ ಕಪ್ಪುಬಿಳುಪು ಚಿತ್ರಗಳು ಬಹಳಷ್ಟು ಈ ರೋಲಿನವೇ. ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿ 1929ರಿಂದ ತಯಾರಾದ ರೋಲಿಫ್ಲೆಕ್ಸ್, ಆಮೇಲೆ ಬಂದ ಜಪಾನಿನ ಯಾಶಿಕಾ, ಇವು ಎದೆಗೆ ತೂಗುಹಾಕಿಕೊಂಡು ತಲೆಬಾಗಿ ನೋಡುವ ಕ್ಯಾಮೆರಾಗಳು. ಒಂದು ರೋಲಿಗೆ ಹನ್ನೆರಡೇ ಚೌಕ. ಹನ್ನೆರಡೇ ಇದ್ದಾಗ ಕೈ ತಾನಾಗಿ ತಡೆಯುತ್ತದೆ, ಕಣ್ಣು ಮುಂದೆ ಹೋಗುತ್ತದೆ.

ಈ ರೋಲನ್ನು ಕೊಡಕ್ ಕಂಪನಿ 1901ರಲ್ಲಿ ತನ್ನ ಬ್ರೌನಿ ಕ್ಯಾಮೆರಾಕ್ಕಾಗಿ ತಂದಿತು. ಫಿಲಂನ ಬೆನ್ನಿಗೆ ಉದ್ದಕ್ಕೂ ಬೆಳಕು ತೂರದ ಕಾಗದ, ಕಾಗದದ ಮೇಲೆ ಅಂಕಿ, ಕ್ಯಾಮೆರಾದ ಬೆನ್ನಲ್ಲಿ ಆ ಅಂಕಿ ಕಾಣುವ ಕೆಂಪು ಕಿಂಡಿ. ಅಂಕಿಗಳೂ ಒಂದು ಸಾಲಲ್ಲ, ಚಿತ್ರದ ಅಳತೆಗೆ ತಕ್ಕಂತೆ ಮೂರು ಸಾಲು. ಇಷ್ಟೆಲ್ಲ ಇದ್ದರೂ ಇನ್ನೊಂದು ವಸ್ತುವಿಲ್ಲದೆ ಈ ಕ್ಯಾಮೆರಾ ನಡೆಯುವುದಿಲ್ಲ: ಖಾಲಿ ಸ್ಪೂಲ್. ಹೊಸ ರೋಲ್ ಒಂದು ಕಡೆಯಿಂದ ಬಿಚ್ಚಿಕೊಂಡು ಇನ್ನೊಂದು ಕಡೆಯ ಖಾಲಿ ಸ್ಪೂಲಿಗೆ ಸುತ್ತಿಕೊಳ್ಳಬೇಕು. ಮುಗಿದಾಗ ಹೊಸದರ ಸ್ಪೂಲ್ ಖಾಲಿಯಾಗಿ ಉಳಿಯುತ್ತದೆ. ಅದು ಮುಂದಿನ ರೋಲಿಗೆ. ಇವತ್ತಿನ ಮೊಸರಿನಲ್ಲಿ ಒಂದು ಚಮಚ ನಾಳೆಯ ಹೆಪ್ಪಿಗೆಂದು ಎತ್ತಿಡುವ ಹಾಗೆ, ಪ್ರತಿ ರೋಲೂ ತನ್ನ ಮುಂದಿನದಕ್ಕೆ ಜಾಗ ಮಾಡಿಕೊಟ್ಟು ಹೋಗುತ್ತದೆ. ಮೂರು ಕಾಸಿನ ಈ ಸ್ಪೂಲ್ ಕಳೆದುಹೋದರೆ ಲಕ್ಷದ ಕ್ಯಾಮೆರಾ ಸುಮ್ಮನೆ ಕೂರಬೇಕು. ಚೀಲದಲ್ಲಿ ಸದಾ ಒಂದು ಹೆಚ್ಚಿನ ಖಾಲಿ ಸ್ಪೂಲ್ ಇರಲಿ ಎಂದು ಹಳಬರು ಹೇಳುವುದು ಇದಕ್ಕೇ.

ಮ್ಯಾಗಜಿನ್ನಿಗೆ ಮರಳುತ್ತೇನೆ, ಯಾಕೆಂದರೆ ಅದರೊಳಗಿನ ಜಾಣ್ಮೆ ಹೇಳಿ ಮುಗಿದಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವಿಕ್ಟರ್ ಹ್ಯಾಸೆಲ್‌ಬ್ಲಾಡ್ 1948ರಲ್ಲಿ ಹೊರತಂದ ಕ್ಯಾಮೆರಾದಲ್ಲಿ ಲೆನ್ಸ್, ಪೆಟ್ಟಿಗೆ, ಫೈಂಡರ್, ಮ್ಯಾಗಜಿನ್ ಎಲ್ಲವೂ ಬೇರೆ ಬೇರೆ. ಒಂದು ಮ್ಯಾಗಜಿನ್ನಿನಲ್ಲಿ ಕಪ್ಪುಬಿಳುಪು, ಇನ್ನೊಂದರಲ್ಲಿ ಬಣ್ಣ. ಅರ್ಧ ರೋಲ್ ಮುಗಿದಿರುವಾಗಲೇ ಒಂದನ್ನು ಕಳಚಿ ಇನ್ನೊಂದನ್ನು ಹಾಕಬಹುದು. ಹಾಗಾದರೆ ಕಳಚುವಾಗ ಬೆಳಕು ಬೀಳದೆ? ಅದಕ್ಕೆ ಡಾರ್ಕ್ ಸ್ಲೈಡ್ ಎಂಬ ಲೋಹದ ತೆಳುಹಾಳೆ. ಅದನ್ನು ತೂರಿಸದೆ ಮ್ಯಾಗಜಿನ್ ಕಳಚಿಕೊಳ್ಳುವುದಿಲ್ಲ. ಅದನ್ನು ತೆಗೆಯದೆ ಶಟರ್ ಒತ್ತಿಕೊಳ್ಳುವುದಿಲ್ಲ. ಬೆರಳಗಲದ ಹಲ್ಲುಗಳು, ಸ್ಪ್ರಿಂಗುಗಳು ಒಂದಕ್ಕೊಂದು ಮಾತು ಕೊಟ್ಟುಕೊಂಡು ಒಳಗಿನ ಕತ್ತಲೆಯನ್ನು ಕಾಯುತ್ತವೆ. ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟ ಮ್ಯಾಗಜಿನ್ನಿನಲ್ಲಿ ಐದು ಚಿತ್ರಗಳು ಮೂಡಿರುತ್ತವೆ, ಏಳು ಇನ್ನೂ ಆಗಬೇಕಿರುತ್ತವೆ, ಯಾವುದನ್ನೂ ಯಾರೂ ನೋಡಿರುವುದಿಲ್ಲ. ಆ ಐದರಲ್ಲಿ ಬೆಳಕು ಬಿದ್ದದ್ದು ನಿಜ. ಆದರೂ ಡೆವಲಪ್ ಮಾಡುವ ತನಕ ಫಿಲಂನ ಮೇಲೆ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ಬೆಳ್ಳಿಯ ಹರಳೊಂದರಲ್ಲಿ ಬೆರಳೆಣಿಕೆಯ ಪರಮಾಣುಗಳು ಜಾಗ ಬದಲಿಸಿ ಕೂತಿವೆ, ಅಷ್ಟೇ. ಕಾಣದೆಯೂ ಆಗಿಹೋಗಿರುವ ಚಿತ್ರವನ್ನು ಕೈಯಲ್ಲಿ ಹಿಡಿದುಕೊಂಡಿದ್ದೇನೆ ಎಂಬ ಅರಿವು ಪ್ರತಿ ಸಲವೂ ನನ್ನನ್ನು ಒಂದು ಕ್ಷಣ ನಿಲ್ಲಿಸುತ್ತದೆ.

ಕೊಳ್ಳಬೇಕಾದ ಸಾಮಾನುಗಳಲ್ಲಿ ನಾನು ಮೊದಲು ಹೇಳುವುದು ಲೈಟ್ ಮೀಟರ್. ಹಳೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳಲ್ಲಿ ಬಹುಪಾಲಿಗೆ ಬೆಳಕನ್ನು ಅಳೆಯುವ ಶಕ್ತಿಯೇ ಇಲ್ಲ. ನಮ್ಮ ಕಣ್ಣಿಗಿದೆಯಲ್ಲ ಎನ್ನಬಹುದು. ಇಲ್ಲ. ಅಡಿಕೆ ತೋಟದ ನೆರಳಿನಿಂದ ಬಿಸಿಲಿನ ಅಂಗಳಕ್ಕೆ ಬಂದರೆ ಕಣ್ಣು ಎರಡು ಸಲ ಮಿಟುಕಿಸಿ ಹೊಂದಿಕೊಂಡುಬಿಡುತ್ತದೆ, ತೋಟದೊಳಗೂ ಎಲ್ಲ ಸ್ಪಷ್ಟ, ಅಂಗಳದಲ್ಲೂ ಎಲ್ಲ ಸ್ಪಷ್ಟ. ಮೀಟರ್ ಹಿಡಿದು ನೋಡಿದರೆ ನಾಲ್ಕೈದು ಸ್ಟಾಪ್ ವ್ಯತ್ಯಾಸ. ಒಂದೊಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು. ನಾಲ್ಕೆಂದರೆ ಹದಿನಾರು ಪಟ್ಟು, ಐದೆಂದರೆ ಮೂವತ್ತೆರಡು. ಮೂವತ್ತೆರಡು ಪಟ್ಟು ಬದಲಾದ ಜಗತ್ತಿನೊಳಗೆ ಕಾಲಿಟ್ಟೂ ನಮಗೆ ಗೊತ್ತಾಗಿರುವುದಿಲ್ಲ! ನಮ್ಮ ಕಣ್ಣಿನ ಔದಾರ್ಯ ಎಷ್ಟು ದೊಡ್ಡದು ಎಂಬುದನ್ನು ನನಗೆ ತೋರಿಸಿದ್ದು ಈ ಅಂಗೈಯಗಲದ ಯಂತ್ರ.

ಹಳೆಯ ಮೀಟರುಗಳಿಗೆ ಬ್ಯಾಟರಿಯೂ ಬೇಡ. ಸೆಲೆನಿಯಂ ಎಂಬ ಧಾತುವಿನ ಮೇಲೆ ಬೆಳಕು ಬಿದ್ದರೆ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತೇ ಮುಳ್ಳನ್ನು ತಳ್ಳುತ್ತದೆ. ಅಳೆಯಲ್ಪಡುವುದೇ ಅಳೆಯುವ ಶಕ್ತಿಯನ್ನೂ ಕೊಡುತ್ತದೆ. ಸೆಲೆನಿಯಂ ಬೆಳಕಿಗೆ ಓಗೊಡುತ್ತದೆ ಎಂಬುದು ಮೊದಲು ಹೊರಬಿದ್ದದ್ದು ಸಮುದ್ರದ ತಳದಲ್ಲಿ ಹಾಸುವ ತಂತಿಗಳ ಪರೀಕ್ಷೆಯಲ್ಲಿ. ವಿಲ್ಲೋಬಿ ಸ್ಮಿತ್ ಎಂಬ ಇಂಗ್ಲಿಷ್ ಎಂಜಿನಿಯರ್ 1873ರಲ್ಲಿ ಅದನ್ನು ಪ್ರಕಟಿಸಿದ. ವೆಸ್ಟನ್ ಕಂಪನಿ 1932ರಲ್ಲಿ ಛಾಯಾಗ್ರಾಹಕರ ಕೈಗೆ ಮೀಟರ್ ಕೊಟ್ಟಿತು. ಕಡಲ ತಳದ ತಂತಿಯಿಂದ ಮದುವೆ ಮನೆಯ ಚಪ್ಪರದವರೆಗೆ ಒಂದು ಧಾತು ನಡೆದು ಬಂದ ದಾರಿ ಇದು.

ಮೀಟರಿಗೊಂದು ಮುಗ್ಧತೆಯೂ ಇದೆ. ಎದುರಿನ ವಸ್ತುವಿನಿಂದ ಮರಳಿ ಬರುವ ಬೆಳಕನ್ನು ಅಳೆದರೆ ಅದು ಎಲ್ಲವನ್ನೂ ಮಧ್ಯಮ ಬೂದು ಎಂದೇ ನಂಬುತ್ತದೆ. ಮಲ್ಲಿಗೆಯ ರಾಶಿಯೂ ಬೂದು, ಎಮ್ಮೆಯ ಮೈಯೂ ಬೂದು. ಅದಕ್ಕೇ ಮೀಟರಿನ ಮೇಲೆ ಅರ್ಧಗೋಲದ ಬಿಳಿ ಗುಮ್ಮಟವೊಂದನ್ನು ಕೂರಿಸಿದರು. ಚಿತ್ರ ತೆಗೆಸಿಕೊಳ್ಳುವವರ ಮುಖದ ಬಳಿ ಅದನ್ನು ಹಿಡಿದು ಗುಮ್ಮಟವನ್ನು ಕ್ಯಾಮೆರಾದ ಕಡೆ ತಿರುಗಿಸಿದರೆ, ಮರಳುವ ಬೆಳಕಿನ ಬದಲು ಬೀಳುವ ಬೆಳಕು ಸಿಗುತ್ತದೆ. ಆಗ ಬಿಳಿಯದು ಬಿಳಿ, ಕರಿದು ಕರಿ. ಯಾರ ಮೈಬಣ್ಣವನ್ನೂ ಕೇಳದೆ ಅವರ ಮೇಲೆ ಬಿದ್ದ ಬೆಳಕನ್ನಷ್ಟೇ ಕೇಳುವ ಈ ವಿಧಾನ ನನಗೆ ಬಹಳ ಪ್ರಿಯ.

ಮೀಟರ್ ಇಲ್ಲದೆ ಆದ ಒಂದು ಚಿತ್ರದ ಕಥೆಯನ್ನೂ ಇಲ್ಲಿ ಹೇಳಬೇಕು, ಅದರ ಕ್ಯಾಮೆರಾ ಮೀಡಿಯಂ ಫಾರ್ಮ್ಯಾಟಿಗಿಂತ ದೊಡ್ಡದಾದರೂ. 1941ರ ನವೆಂಬರ್ 1ರ ಸಂಜೆ ಅಮೆರಿಕದ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಕಾರು ನಿಲ್ಲಿಸಿದರು. ಮೇಲೆ ಚಂದ್ರ, ಕೆಳಗೆ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಮುಳುಗುವ ಬಿಸಿಲು. ಮೀಟರ್ ಹುಡುಕಿದರೆ ಸಿಗಲಿಲ್ಲ. ಚಂದ್ರನ ಹೊಳಪು ಚದರಡಿಗೆ 250 ಕ್ಯಾಂಡಲ್ ಎಂಬುದು ಅವರಿಗೆ ನೆನಪಿತ್ತು. ಅದರಿಂದಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ರಾತ್ರಿಯ ವಸ್ತು ಎಂದು ನಾವು ತಿಳಿದ ಚಂದ್ರನಲ್ಲಿ ನಮಗೆ ಕಾಣುವ ಭಾಗವೆಲ್ಲ ಹಗಲು. ಅಲ್ಲಿ ಸೂರ್ಯನ ಬಿಸಿಲೇ ಬೀಳುತ್ತಿದೆ; ಆದ್ದರಿಂದ ನೆತ್ತಿಯ ಹುಣ್ಣಿಮೆ ಚಂದ್ರನನ್ನು ತೆಗೆಯಲು ನಮ್ಮೂರ ಬಿಸಿಲಿಗೆ ಇಡುವ ಅಳತೆಯ ಆಸುಪಾಸಿನದೇ ಸಾಕು. ಅದಕ್ಕೇ ಚಂದ್ರನಿಗೆ ಹೋದ ಅಪೊಲೊ ಯಾತ್ರಿಕರ ಮ್ಯಾಗಜಿನ್ ಮೇಲೆ ಯಾವ ಬಿಸಿಲಿಗೆ ಯಾವ ಅಪರ್ಚರ್ ಎಂದು ಬರೆದ ಒಂದು ಚೀಟಿ ಅಂಟಿಸಿದ್ದು ಸಾಕಾಯಿತು.

ಆಡಮ್ಸ್ ಅಂದು ಲೆನ್ಸಿಗೆ ಗಾಢ ಹಳದಿ ಫಿಲ್ಟರ್ ಹಾಕಿದ್ದರು. ಕಪ್ಪುಬಿಳುಪು ಫಿಲಂಗೆ ನೀಲಿ ಬೆಳಕು ಬೇಗ ತಾಗುತ್ತದೆ. ಬರಿಯ ಲೆನ್ಸಿನಲ್ಲಿ ತೆಗೆದರೆ ಆಷಾಢದ ಮೋಡವೂ ಆಕಾಶವೂ ಒಂದೇ ಬಿಳಿಯಾಗಿ ಕಲಸಿಹೋಗುತ್ತವೆ. ಹಳದಿ ಗಾಜು ನೀಲಿಯನ್ನು ತಡೆದೊಡನೆ ಮೋಡ ಎದ್ದು ಬರುತ್ತದೆ. ಕೆಂಪು ಗಾಜಾದರೆ ಆಕಾಶ ಕಪ್ಪಿಗೇ ತಿರುಗುತ್ತದೆ, ಬೆಲೆಯಾಗಿ ಮೂರು ಸ್ಟಾಪ್ ಬೆಳಕು ಕೊಡಬೇಕು. ಹಳದಿ ಒಂದಿದ್ದರೆ ಮಲೆನಾಡಿನ ಮಳೆಗಾಲಕ್ಕೆ ಧಾರಾಳ ಎಂಬುದು ನನ್ನ ಅಭಿಪ್ರಾಯ. ಲೆನ್ಸ್ ಹುಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಲೆನ್ಸಿಗೆ ಅದು ಬೇಕೇ ಬೇಕು.

ಕೇಬಲ್ ರಿಲೀಸ್ ಎಂದರೆ ಒಂದು ಕೊಳವೆಯೊಳಗೆ ಜಾರುವ ತಂತಿ, ತುದಿಗೊಂದು ಗುಂಡಿ. ಟ್ರೈಪಾಡಿನ ಮೇಲೆ ಕೂರಿಸಿದ ಕ್ಯಾಮೆರಾವನ್ನು ಬೆರಳಿನಿಂದ ನೇರ ಒತ್ತಿದರೆ ಮೈಯ ನಡುಕ ಚಿತ್ರಕ್ಕಿಳಿಯುತ್ತದೆ. ಈ ತಂತಿ ನಮ್ಮ ಇಚ್ಛೆಯನ್ನು ದಾಟಿಸಿ ನಡುಕವನ್ನು ಇತ್ತಲೇ ಉಳಿಸುತ್ತದೆ. ಇದರಿಂದಲೇ ನಿಮಿಷಗಟ್ಟಲೆ ಶಟರ್ ತೆರೆದಿಡುವುದು ಸಾಧ್ಯ. ಅಲ್ಲೊಂದು ವಿಚಿತ್ರ ಎದುರಾಗುತ್ತದೆ. ಬೆಳಕು ಅರ್ಧವಾದರೆ ಹೊತ್ತು ಎರಡು ಪಟ್ಟಾಗಬೇಕು, ಲೆಕ್ಕ ಸರಿ. ಆದರೆ ಮಂದ ಬೆಳಕಿನಲ್ಲಿ ಫಿಲಂ ಆ ಲೆಕ್ಕಕ್ಕೆ ಒಪ್ಪುವುದಿಲ್ಲ. ಮೀಟರ್ ಹತ್ತು ಸೆಕೆಂಡ್ ಎಂದರೆ ಇಲ್ಫರ್ಡ್ ಕಂಪನಿಯ ಎಚ್‌ಪಿ5 ಫಿಲಂಗೆ ಸುಮಾರು ಇಪ್ಪತ್ತು ಸೆಕೆಂಡ್ ಬೇಕು. ಹನಿಹನಿಯಾಗಿ ಬರುವ ಬೆಳಕನ್ನು ಹಿಡಿದಿಟ್ಟುಕೊಳ್ಳುವ ಮೊದಲೇ ಹರಳು ಒಂದಷ್ಟನ್ನು ಮರೆತುಬಿಡುತ್ತದೆ.

ಈ ಮರೆವನ್ನು ಅಳೆದು ಸೂತ್ರಕ್ಕೆ ತಂದವರು ಖಗೋಳ ವಿಜ್ಞಾನಿ ಕಾರ್ಲ್ ಶ್ವಾರ್ಜ್‌ಶೀಲ್ಡ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಯೆನ್ನಾದ ಕುಫ್ನರ್ ವೀಕ್ಷಣಾಲಯದಲ್ಲಿ ಕೂತು, ನಕ್ಷತ್ರಗಳ ಹೊಳಪನ್ನು ಛಾಯಾಫಲಕದ ಮೇಲೆ ಅಳೆಯುವಾಗ ಅವರಿಗೆ ಇದು ಕಂಡಿತು. ಇದೇ ಶ್ವಾರ್ಜ್‌ಶೀಲ್ಡ್ ಮುಂದೆ ಮೊದಲ ಮಹಾಯುದ್ಧದ ಸೈನ್ಯದಲ್ಲಿದ್ದಾಗ ಐನ್‌ಸ್ಟೈನರ ಸಾಪೇಕ್ಷತಾ ಸಮೀಕರಣಗಳಿಗೆ ಮೊದಲ ನಿಖರ ಪರಿಹಾರ ಕಂಡುಹಿಡಿದರು. ಅದು 1916ರಲ್ಲಿ ಪ್ರಕಟವಾಯಿತು, ಅದೇ ವರ್ಷ ಮೇಯಲ್ಲಿ ಅವರು ತೀರಿಕೊಂಡರು. ಬೆಳಕೂ ಹೊರಬರಲಾರದ ಕಪ್ಪುಕುಳಿಯ ಎಲ್ಲೆಯನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಬೆಳಕು ಎಲ್ಲಿ ಸೋಲುತ್ತದೆ ಎಂಬ ಪ್ರಶ್ನೆಯನ್ನು ಒಬ್ಬನೇ ಮನುಷ್ಯ ಒಂದು ಗಾಜಿನ ಫಲಕದಲ್ಲೂ ಇಡೀ ಬ್ರಹ್ಮಾಂಡದಲ್ಲೂ ಕೇಳಿದ. ಮುಸ್ಸಂಜೆಯಲ್ಲಿ ಕೇಬಲ್ ಹಿಡಿದು ಸೆಕೆಂಡ್ ಎಣಿಸುತ್ತಾ ನಿಂತಾಗ, ಹೆಚ್ಚಿಗೆ ಎಣಿಸುವ ಆ ಹತ್ತು ಸೆಕೆಂಡ್ ಅವರವು ಎಂದೇ ನನಗೆ ಅನಿಸುತ್ತದೆ.

ಚಿತ್ರ ತೆಗೆದಾದ ಮೇಲೆ ಚೇಂಜಿಂಗ್ ಬ್ಯಾಗ್. ತೋಳುಗಳಿರುವ ಕಪ್ಪು ಚೀಲ. ಅದರೊಳಗೆ ಎರಡೂ ಕೈ ತೂರಿಸಿ, ನೋಡದೆಯೇ ರೋಲ್ ಬಿಚ್ಚಿ, ಕಾಗದದಿಂದ ಫಿಲಂ ಬೇರ್ಪಡಿಸಿ, ಡೆವಲಪ್ ಮಾಡುವ ಸುರುಳಿಗೆ ಏರಿಸಬೇಕು. ಇದನ್ನೇ ಡಾರ್ಕ್ ರೂಮಿನಲ್ಲಿ ಮಾಡಿದವರು ಒಂದು ಸಂಗತಿ ಕಂಡಿರುತ್ತಾರೆ. ಫಿಲಂನ ತುದಿಯನ್ನು ಕಾಗದಕ್ಕೆ ಅಂಟಿಸಿದ ಟೇಪನ್ನು ರಪ್ಪನೆ ಎಳೆದರೆ ಗಾಢ ಕತ್ತಲಲ್ಲಿ ನಸುನೀಲಿ ಮಿನುಗೊಂದು ಗೆರೆಯಾಗಿ ಹಾಯುತ್ತದೆ. ಅಂಟು ಬಿಡುವಾಗ ವಿದ್ಯುದಂಶಗಳು ಬೇರೆಯಾಗಿ ಹುಟ್ಟುವ ಬೆಳಕು ಅದು. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದ ವಿಜ್ಞಾನಿಗಳು ಸಾಮಾನ್ಯ ಅಂಟುಟೇಪನ್ನು ನಿರ್ವಾತದಲ್ಲಿ ಬಿಡಿಸಿದಾಗ ಎಕ್ಸ್-ರೇಯೇ ಹೊರಟಿತು! ಇಷ್ಟು ಜತನದಿಂದ ಬೆಳಕನ್ನು ಹೊರಗಿಟ್ಟ ಮೇಲೂ ನಮ್ಮ ಬೆರಳ ತುದಿಯಲ್ಲೇ ಅದು ಹುಟ್ಟಿಬರುತ್ತದೆ. ಫಿಲಂ ಉಳಿಯಬೇಕಾದರೆ ಟೇಪನ್ನು ನಿಧಾನವಾಗಿ ಬಿಡಿಸಿ.

ಕೊನೆಯ ಪರಿಕರ ಎಲ್ಲಕ್ಕಿಂತ ಅಗ್ಗದ್ದು: ಸಿಲಿಕಾ ಜೆಲ್ ಪೊಟ್ಟಣ. ಕರಾವಳಿ, ಮಲೆನಾಡುಗಳ ತೇವದಲ್ಲಿ ಲೆನ್ಸಿನೊಳಗೆ ಬೂಷ್ಟು ಬೇರುಬಿಟ್ಟರೆ ಗಾಜನ್ನೇ ತಿಂದು ಗುರುತು ಉಳಿಸುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ನಾಲ್ಕು ಪೊಟ್ಟಣ, ಆಗಾಗ ಕ್ಯಾಮೆರಾವನ್ನು ಹೊರತೆಗೆದು ಬೆಳಕಿಗೆ ಇಡುವುದು, ಇಷ್ಟು ಮಾಡಿದರೆ ಸಾಕು.

ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲೋ, ಊರಿನಲ್ಲಿ ಬಾಗಿಲು ಹಾಕಿದ ಸ್ಟುಡಿಯೋ ಒಂದರಲ್ಲೋ ಹಳೆಯ ಕ್ಯಾಮೆರಾ ಇರಬಹುದು. ಕ್ಯಾಮೆರಾವನ್ನು ಯಾರಾದರೂ ಉಳಿಸಿಕೊಳ್ಳುತ್ತಾರೆ, ಷೋಕೇಸಿನಲ್ಲಾದರೂ ಇಡುತ್ತಾರೆ. ಜೊತೆಯ ಚರ್ಮದ ಡಬ್ಬಿ, ಹಳದಿ ಗಾಜು, ಹುಡ್, ತಂತಿ, ಮುಳ್ಳಿನ ಮೀಟರ್, ಖಾಲಿ ಸ್ಪೂಲ್‌ಗಳು ಏನೆಂದು ತಿಳಿಯದೆ ಗುಜರಿಗೆ ಹೋಗುತ್ತವೆ. ದಯವಿಟ್ಟು ಕೊಡಬೇಡಿ. ಈಗ ಮತ್ತೆ ಫಿಲಂ ಕಲಿಯುತ್ತಿರುವ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲೇ ಇದ್ದಾರೆ, ಅವರಿಗೆ ಆ ಡಬ್ಬಿಯನ್ನು ಇಡಿಯಾಗಿ ಕೊಡಿ.