‘ಸರಿ ಇದೆ’ ಎಂದು ಬರೆದದ್ದು

ನಮ್ಮ ಬನಹಟ್ಟಿಯಲ್ಲಿ ಕರೆಂಟು ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಓಣಿಯ ತುಂಬ ನಡೆದಿದ್ದ ಮಗ್ಗಗಳ ಖಟಖಟ ಒಮ್ಮೆಲೇ ನಿಂತು, ಊರಿಗೆ ಊರೇ ಉಸಿರು ಹಿಡಿದಂತಾಗುತ್ತದೆ. ಆಮೇಲೆ ಎಲ್ಲೋ ಒಂದು ಜನರೇಟರ್ ಕೆಮ್ಮುತ್ತದೆ, ಇನ್ನೊಂದು ಗುಡುಗುತ್ತದೆ. ನಮ್ಮ ತಮ್ಮನ ಕಾರಖಾನೆಯ ಜನರೇಟರ್ ಹಿತ್ತಲಲ್ಲಿ ತಗಡಿನ ಮಾಡದ ಕೆಳಗಿದೆ. ವಾರಗಟ್ಟಲೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕರೆಂಟು ಹೋದ ಗಳಿಗೆಯಲ್ಲಿ ಮಾತ್ರ ಎಲ್ಲರಿಗೂ ಅದು ಬೇಕು, ಅದೂ ತಕ್ಷಣ ಬೇಕು.

ನಾನು ಯಂತ್ರ ಬಲ್ಲವಳಲ್ಲ. ಬಿ.ಎ., ಬಿ.ಇಡ್. ಮಾಡಿ ಕನ್ನಡ ಮತ್ತು ಸಮಾಜ ಪಾಠ ಹೇಳಿಕೊಂಡು ಬಂದವಳು. ಆದರೂ ಡೀಸೆಲ್ ಇಂಜಿನ್ ನನಗೆ ಹೊಸದಲ್ಲ. ನನ್ನ ತವರು ಜಮಖಂಡಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಅಪ್ಪ ಹೊಳೆಯಿಂದ ಕಬ್ಬಿಗೆ ನೀರು ಎತ್ತಲು ಒಂದು ಇಂಜಿನ್ ಇಟ್ಟಿದ್ದರು. ಅದು ಎತ್ತಿದ ನೀರಿನಲ್ಲೇ ಒಂದು ಸಣ್ಣ ಪಾಲು ಕಿರುಬೆರಳಿನಷ್ಟು ದಪ್ಪದ ಪೈಪಿನಲ್ಲಿ ಇಂಜಿನಿನ ಮೈಗೇ ಹೋಗಿ ಅದನ್ನು ತಂಪು ಮಾಡುತ್ತಿತ್ತು. ‘ತಾನು ಎತ್ತಿದ್ದು ತಾನೂ ಒಂದು ಗುಟುಕು ಕುಡಿಯತೈತಿ’ ಎನ್ನುತ್ತಿದ್ದರು ಅಪ್ಪ. ಪಂಪು ಹವಾ ಹಿಡಿದು ನೀರು ನಿಂತರೆ, ಇಂಜಿನ್ ಅಷ್ಟೇ ಜೋರಾಗಿ ಓಡುತ್ತ ಒಳಗೊಳಗೇ ಸುಡತೊಡಗುತ್ತಿತ್ತು. ಆ ಸಣ್ಣ ಪೈಪಿನ ನೀರು ಬೀಳುತ್ತಿದೆಯೇ ಎಂದು ನೋಡುವುದು ಮಕ್ಕಳಾದ ನಮ್ಮ ಕೆಲಸ. ಅದಕ್ಕಿಂತ ಬೇಸರದ ಕೆಲಸ ನಾನು ಮತ್ತೊಂದು ಮಾಡಿಲ್ಲ.

ಈ ಮಾತು ಮತ್ತೆ ನೆನಪಾದದ್ದು ಕೈಗಾಕ್ಕೆ ಹೋದಾಗ. ತಮ್ಮನ ಮಗ ಡಿಪ್ಲೊಮಾ ಓದಿ ಅಲ್ಲಿ ಕೆಲಸಕ್ಕಿದ್ದಾನೆ. ಮಲ್ಲಾಪುರದ ಕಾಲೊನಿಯಲ್ಲಿ ಮನೆ. ಕೈಗಾ ಎಂದರೆ ನನ್ನ ವಯಸ್ಸಿನವರಿಗೆ ಶಿವರಾಮ ಕಾರಂತರು ನೆನಪಾಗುತ್ತಾರೆ. ಆ ಸ್ಥಾವರ ಬೇಡವೆಂದು ಅವರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಸ್ಥಾವರ ಬಂತು. ಕಟ್ಟುತ್ತಿದ್ದಾಗಲೇ, 1994ರ ಮೇ 13ರಂದು, ಮೊದಲ ಘಟಕದ ಗುಮ್ಮಟದ ಒಳಮೈ ಕಾಂಕ್ರೀಟು ಕಳಚಿ ಬಿತ್ತು. ಈಗ ಅಲ್ಲಿ ಕಾಳಿ ನದಿಯ ಕದ್ರಾ ಜಲಾಶಯದ ನೀರು ಕುಡಿಯುವ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಂದು ದಿನವೂ ನಿಲ್ಲದೆ 962 ದಿನ ನಡೆದು ಜಗತ್ತಿನ ದಾಖಲೆ ಮಾಡಿತು.

ಹುಡುಗನ ಮುಂದೆ ನಾನು ಆ ದಾಖಲೆಯನ್ನು ಹೊಗಳಿದೆ. ಅವನು ನಕ್ಕ. ‘ಅತ್ತಿ, ಓಡೂದನ್ನ ಎಲ್ಲಾರೂ ಎಣಸ್ತಾರ. ಅಷ್ಟೂ ದಿನ ಓಡದs ಕುಂತಿದ್ದ ಡೀಸೆಲ್ ಜನರೇಟರ್ ಇರತಾವಲ್ಲ, ಅವನ್ನ ಯಾರೂ ಎಣಸೂದಿಲ್ಲ’ ಎಂದ.

ಅವನು ತಿಳಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಮ್ಮ ಒಲೆಯಲ್ಲಿ ಕಟ್ಟಿಗೆ ಹಿರಿದು ನೀರು ಚಿಮುಕಿಸಿದರೆ ಕೆಂಡ ಆರುತ್ತದೆ. ಅಣುವಿನ ಒಲೆ ಹಾಗಲ್ಲ. ಅದನ್ನು ನಿಲ್ಲಿಸಿದ ಮೇಲೂ ಇಂಧನ ಒಳಗಿನಿಂದಲೇ ಕಾವು ಹುಟ್ಟಿಸುತ್ತಲೇ ಇರುತ್ತದೆ. ಪೂರ್ತಿ ಉರಿಯ ನೂರರಲ್ಲಿ ಸುಮಾರು ಆರು ಪಾಲು, ನಿಂತ ಆ ಗಳಿಗೆಯಲ್ಲೇ. ಗಂಟೆ ಕಳೆದರೆ ಒಂದೂವರೆ ಪಾಲಿನಷ್ಟು. ಕಡಿಮೆ ಎನಿಸಬಹುದು. ಆದರೆ 220 ಮೆಗಾವ್ಯಾಟ್ ಕರೆಂಟು ಕೊಡುವ ಘಟಕದೊಳಗೆ 750 ಮೆಗಾವ್ಯಾಟಿನಷ್ಟು ಕಾವು ಇರುತ್ತದೆ; ಅದರಲ್ಲಿ ಆರು ಪಾಲೆಂದರೂ 45 ಮೆಗಾವ್ಯಾಟ್. ಅದನ್ನು ತಣಿಸಲು ನೀರು ಹರಿಯುತ್ತಲೇ ಇರಬೇಕು, ನೀರು ಹರಿಯಲು ಪಂಪು, ಪಂಪಿಗೆ ಕರೆಂಟು. ಹೊರಗಿನ ಕರೆಂಟು ಹೋದರೆ ಡೀಸೆಲ್ ಜನರೇಟರ್. ಆ ಜನರೇಟರಿನ ಇಂಜಿನಿಗೂ ತಂಪು ಬೇಕು, ಅದಕ್ಕೂ ನೀರೇ ಬೇಕು. ‘ಅಜ್ಜನ ಇಂಜಿನ್ ಇದ್ದಂಗs’ ಎಂದ ಹುಡುಗ. ತಣಿಸುವವನನ್ನು ತಣಿಸುವವರು ಯಾರು?

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಆದದ್ದು ಇದೇ. ಸಮುದ್ರ ಉಕ್ಕಿ ಬಂದು ನೆಲಮಾಳಿಗೆಯ ಜನರೇಟರ್‌ಗಳನ್ನು ಮುಳುಗಿಸಿತು. ದಂಡೆಯ ಮೇಲಿದ್ದ ನೀರಿನ ಪಂಪುಗಳನ್ನೂ ಕೆಡಿಸಿತು. ಅಲ್ಲಿಯ ಐದು ಮತ್ತು ಆರನೆಯ ಘಟಕಗಳನ್ನು ಉಳಿಸಿದ್ದು ಎತ್ತರದಲ್ಲಿದ್ದ, ನೀರು ಬೇಡದೆ ಗಾಳಿಯಿಂದಲೇ ತಣಿಯುವ ಒಂದೇ ಒಂದು ಜನರೇಟರ್. ಆಮೇಲೆ ನಮ್ಮ ದೇಶದ ಸ್ಥಾವರಗಳಿಗೂ ಅಂಥ ಗಾಳಿತಂಪಿನ ಯಂತ್ರಗಳು ಬೇಕೆಂದು ತಜ್ಞರ ಸಮಿತಿಗಳು ಹೇಳಿದವು. ಅದಕ್ಕೂ ಮೊದಲು, 1993ರ ಮಾರ್ಚ್ 31ರ ನಸುಕಿನಲ್ಲಿ, ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಅಲಗು ಮುರಿದು ಬೆಂಕಿ ಹತ್ತಿ, ಕೇಬಲ್ಲುಗಳೆಲ್ಲ ಸುಟ್ಟವು. ಜನರೇಟರ್ ಇದ್ದೂ ಅದರ ಕರೆಂಟು ಪಂಪಿಗೆ ಮುಟ್ಟದೆ ಸ್ಥಾವರ ಸುಮಾರು 17 ಗಂಟೆ ಕತ್ತಲಲ್ಲಿತ್ತು. ಕೆಲಸಗಾರರು ಬ್ಯಾಟರಿ ಹಿಡಿದು ಮೇಲೆ ಹತ್ತಿ ಕೈಯಿಂದ ವಾಲ್ವು ತಿರುಗಿಸಿದರು. ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪಿನ ನೀರನ್ನು ಬಾಯ್ಲರುಗಳಿಗೆ ಹರಿಸಿದರು. ಆ ಕೆಲಸಗಾರರ ಹೆಸರು ನಮ್ಮ ಯಾವ ಪಾಠದಲ್ಲೂ ಇಲ್ಲ, ನಾನೂ ಮಕ್ಕಳಿಗೆ ಹೇಳಿದವಳಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇವೆರಡೂ ಅಲ್ಲ. ಹುಡುಗ ಓದಲು ಕೊಟ್ಟ ಕಾಗದಗಳಲ್ಲಿ ಅಮೆರಿಕದ ಜಾರ್ಜಿಯಾ ಪ್ರಾಂತದ ವೋಗಲ್ ಎಂಬ ಸ್ಥಾವರದ ಸಂಗತಿಯಿತ್ತು. 1990ರ ಮಾರ್ಚ್ 20. ಹಿಂದಕ್ಕೆ ಬರುತ್ತಿದ್ದ ಒಂದು ಟ್ರಕ್ಕು ಕಂಬಕ್ಕೆ ಬಡಿದು ಹೊರಗಿನ ಕರೆಂಟು ಹೋಯಿತು. ಎರಡು ಜನರೇಟರ್‌ಗಳಲ್ಲಿ ಒಂದನ್ನು ದುರಸ್ತಿಗೆ ಬಿಚ್ಚಿದ್ದರು. ಇನ್ನೊಂದು ಚಾಲೂ ಆಗಿ ನಿಂತಿತು, ಮತ್ತೆ ಚಾಲೂ ಆಗಿ ಮತ್ತೆ ನಿಂತಿತು. ಇಂಜಿನಿನ ನೀರು ಕಾದಿದೆ ಎಂದು ಅದರ ಉಷ್ಣ ಅಳೆಯುವ ಸ್ವಿಚ್ಚುಗಳೇ ಸುಳ್ಳು ಸುದ್ದಿ ಕೊಟ್ಟಿರಬೇಕೆಂದು ಆಮೇಲೆ ಸಂಶಯಪಟ್ಟರು. 36 ನಿಮಿಷದ ಮೇಲೆ ಕರೆಂಟು ಬಂತು. ಯಾರಿಗೂ ಏನೂ ಆಗಲಿಲ್ಲ.

ಮುಂದಿನದು ಕೇಳಿ. ಸ್ಥಾವರ ಮತ್ತೆ ನಡೆಸಲು ಅಪ್ಪಣೆ ಬೇಕಲ್ಲ, ಕಂಪನಿ ಸರ್ಕಾರಿ ನಿಯಂತ್ರಣ ಮಂಡಳಿಗೆ ಬರೆದುಕೊಟ್ಟಿತು: ಒಂದು ಯಂತ್ರ 18 ಸಲ, ಇನ್ನೊಂದು 19 ಸಲ, ಏನೂ ತೊಂದರೆಯಿಲ್ಲದೆ ಚಾಲೂ ಆಗಿದೆ. ಈ ಲೆಕ್ಕ ಸರಿಯಿರಲಿಲ್ಲ. ನಡುವೆ ಕೆಟ್ಟು ನಿಂತ ಸಲಗಳು ಎಣಿಕೆಯಿಂದ ಬಿಟ್ಟುಹೋಗಿದ್ದವು. ಒಳಗಿನ ನೌಕರನೊಬ್ಬ ಅದನ್ನು ಎತ್ತಿ ಹೇಳಿದ. 1994ರಲ್ಲಿ ಮಂಡಳಿ 2 ಲಕ್ಷ ಡಾಲರ್ ದಂಡ ಸೂಚಿಸಿತು. ಓದಿ ನಾನು ಹುಡುಗನನ್ನು ಕೇಳಿದೆ: ‘ಯಂತ್ರ ಆಮೇಲೆ ಚಲೋನs ಓಡಿತಲ್ಲೋ. ಮತ್ತ ದಂಡ ಯಾಕ?’

‘ಯಂತ್ರಕ್ಕಲ್ಲ ಅತ್ತಿ, ಬರದದ್ದಕ್ಕ’ ಎಂದ.

ಈಗ ನನ್ನ ರಜಿಸ್ಟರಿಗೆ ಬರುತ್ತೇನೆ. ಇಷ್ಟು ದೂರ ಸುತ್ತಿ ಬಂದದ್ದು ಅಲ್ಲಿಗೆ ಬರಲು ಧೈರ್ಯ ಸಾಲದೆ ಎಂದು ನಿಮಗಾಗಲೇ ತಿಳಿದಿರಬಹುದು.

ಹಲವು ವರ್ಷಗಳ ಹಿಂದೆ ನಾನು ಮುಧೋಳ ತಾಲೂಕಿನ ಒಂದು ಶಾಲೆಯಲ್ಲಿದ್ದೆ. ದಾನಿಗಳೊಬ್ಬರು ಒಂದು ಹಳೆಯ ಜನರೇಟರ್ ಕೊಟ್ಟಿದ್ದರು. ಪ್ರತಿ ಶನಿವಾರ ಸಿಪಾಯಿ ಅದನ್ನು ಹತ್ತು ನಿಮಿಷ ಚಾಲೂ ಮಾಡಬೇಕು, ನಾನು ಎದುರು ನಿಂತು ನೀರು, ಎಣ್ಣೆ ನೋಡಿ ರಜಿಸ್ಟರಿನಲ್ಲಿ ‘ಸರಿ ಇದೆ’ ಎಂದು ಬರೆದು ಸಹಿ ಮಾಡಬೇಕು. ಮೊದಲ ಒಂದು ತಿಂಗಳು ಹಾಗೇ ಮಾಡಿದೆ. ಆಮೇಲೆ? ಶನಿವಾರ ಮುಂಜಾನೆ ಶಾಲೆ, ಬಿಟ್ಟೊಡನೆ ಬಸ್ಸು. ಆ ಬಸ್ಸು ತಪ್ಪಿದರೆ ಮನೆಯಲ್ಲಿ ಅತ್ತೆಯವರಿಗೆ ಊಟ ಮೂರು ಗಂಟೆಗೆ. ಯಂತ್ರ ಎಲ್ಲಿ ಓಡಿಹೋಗುತ್ತದೆ ಎಂದುಕೊಂಡು ಸ್ಟಾಫ್ ರೂಮಿನಲ್ಲೇ ಸಹಿ ಮಾಡತೊಡಗಿದೆ. ಒಮ್ಮೊಮ್ಮೆ ಮೂರು ವಾರದ್ದು ಒಟ್ಟಿಗೆ, ಪೆನ್ನು ಬೇರೆ ಬೇರೆ. ಪೆನ್ನು ಬೇರೆ ಮಾಡುವಷ್ಟು ಜಾಣತನ ಇತ್ತು ನೋಡಿ. ಹೀಗೆ ಹನ್ನೊಂದು ಶನಿವಾರ.

ಶಾಲೆಯ ಗ್ಯಾದರಿಂಗ್ ದಿನ ಸಂಜೆ, ನಾಟಕದ ನಡುವೆ ಕರೆಂಟು ಹೋಯಿತು. ಜನರೇಟರ್ ಎರಡು ಮೂರು ಸಲ ಒದ್ದಾಡಿ ಚಾಲೂ ಆಯಿತು, ಚಪ್ಪಾಳೆ ಬಿದ್ದವು. ಇಪ್ಪತ್ತು ನಿಮಿಷಕ್ಕೆ ಸುಟ್ಟ ವಾಸನೆ. ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ, ಮನೆಯಲ್ಲಿ ಟ್ರ್ಯಾಕ್ಟರ್ ನೋಡಿದವನು, ನೀರು ಹಾಕೋಣವೆಂದು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ತಳದಲ್ಲಿ ಉಳಿದಿದ್ದ ನೀರು ಕುದ್ದು ಚಿಮ್ಮಿ ಅವನ ಬಲಗೈ ಮೊಣಕೈವರೆಗೆ ಬೆಂದಿತು.

ಪೈಪಿನ ಜೋಡಣೆಯಲ್ಲಿ ನೀರು ಹನಿಹನಿಯಾಗಿ ಸೋರುತ್ತ ಬಂದಿತ್ತು ಎಂದ ಮೆಕ್ಯಾನಿಕ್. ವಾರಕ್ಕೊಮ್ಮೆ ನೋಡಿದ್ದರೆ ಕಣ್ಣಿಗೆ ಬೀಳುತ್ತಿತ್ತು. ವಿಚಾರಣೆ ನಡೆಯಿತು. ರಜಿಸ್ಟರ್ ತರಿಸಿದರು. ಹಿಂದಿನ ಶನಿವಾರದವರೆಗೂ ‘ಸರಿ ಇದೆ’. ಅಂದರೆ ಆ ನಾಲ್ಕೈದು ದಿನದಲ್ಲಿ ಕೀಲಿಕೈ ಇದ್ದವರೇ ಏನೋ ಅಲಕ್ಷ್ಯ ಮಾಡಿರಬೇಕು. ಕೀಲಿಕೈ ಇದ್ದದ್ದು ಸಿಪಾಯಿಯ ಬಳಿ. ಅವರ ಒಂದು ವರ್ಷದ ಇನ್‌ಕ್ರಿಮೆಂಟು ನಿಲ್ಲಿಸಿದರು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಈ ಸಹಿ ನಿಮ್ಮದೇ?’ ‘ಹೌದು’ ಎಂದೆ. ಅದು ನಿಜವೇ ಆಗಿತ್ತು.

ನಾನು ಆಗ ನನಗೆ ಹೇಳಿಕೊಂಡ ಸಮಾಧಾನಗಳು ಬಹಳ. ಆ ವಾರಗಳಲ್ಲೆಲ್ಲ ಯಂತ್ರ ಸರಿಯೇ ಇದ್ದಿರಬಹುದು, ಹಾಗಿದ್ದರೆ ನಾನು ಬರೆದದ್ದು ಸುಳ್ಳು ಹೇಗಾಗುತ್ತದೆ? ಎಲ್ಲ ಶಾಲೆಗಳಲ್ಲೂ ಎಲ್ಲ ರಜಿಸ್ಟರುಗಳೂ ಹೀಗೇ ತುಂಬುವುದಿಲ್ಲವೇ? ಇವು ಪೂರ್ತಿ ಪೊಳ್ಳು ಮಾತುಗಳಲ್ಲ. ಹತ್ತು ಕೆಲಸ ಹೊತ್ತ ಹೆಂಗಸಿಗೆ ಹನ್ನೊಂದನೆಯದನ್ನು ಹೊರಿಸಿ ಸಹಿ ಕೇಳುವ ವ್ಯವಸ್ಥೆಯದೂ ತಪ್ಪಿದೆ. ಆದರೆ ನಾನು ಬರೆದದ್ದು ‘ಯಂತ್ರ ಸರಿ ಇದೆ’ ಎಂದಲ್ಲ, ‘ನಾನು ನೋಡಿದ್ದೇನೆ’ ಎಂದು. ಯಂತ್ರ ಸರಿಯಿದ್ದ ಶನಿವಾರವೂ ಅದು ಸುಳ್ಳೇ. ಇದು ನನಗೆ ತಿಳಿಯಲು ವೋಗಲ್‌ನ ಕಾಗದ ಬೇಕಾಯಿತು. ಇನ್ನೂ ಒಂದು. ಎಂದೋ ಬರಬಹುದಾದ ಅಪಾಯಕ್ಕೆ ಕಾಯುವ ಕೆಲಸ ಮಾಡಿದರೂ ಬಿಟ್ಟರೂ ಬಹಳಷ್ಟು ದಿನ ಒಂದೇ ಥರ ಕಾಣುತ್ತದೆ. ಏನೂ ಆಗುವುದಿಲ್ಲ. ಆ ‘ಏನೂ ಆಗಲಿಲ್ಲ’ ಎಂಬುದನ್ನೇ ನಾನು ನನ್ನ ಒಳ್ಳೆಯತನದ ಸರ್ಟಿಫಿಕೇಟು ಎಂದುಕೊಂಡಿದ್ದೆ.

ಕೈಗಾದಿಂದ ಬಂದ ಮೇಲೆ ಒಂದು ರವಿವಾರ ಬೀಳಗಿ ಕಡೆಗೆ ಹೋದೆ. ಸಿಪಾಯಿ ಕಾಕಾ ನಿವೃತ್ತರಾಗಿ ಅಲ್ಲಿದ್ದಾರೆ. ಹಳೆಯ ಊರು ಆಲಮಟ್ಟಿ ಹಿನ್ನೀರಿಗೆ ಹೋಗಿ ಪುನರ್ವಸತಿ ಕೇಂದ್ರದಲ್ಲಿ ಮನೆ. ಚಹಾ ಆಯಿತು. ಹನ್ನೊಂದು ಶನಿವಾರದ ಮಾತು ಹೇಳಿದೆ. ನಾನು ಅಳುತ್ತೇನೆ ಎಂದುಕೊಂಡಿದ್ದೆ, ಅಳು ಬರಲಿಲ್ಲ.

‘ಗೊತ್ತಿತ್ರೀ ಅಕ್ಕೋರ’ ಎಂದರು. ‘ನೀವು ಬರೂದಿಲ್ಲಂತ ನಾನೂ ಚಾಲೂ ಮಾಡೂದು ಬಿಟ್ಟಿದ್ದೆ. ನಿಮ್ಮ ಸಹಿ ನೋಡಿ ನನಗೂ ಆರಾಮ ಅನಸ್ತಿತ್ತು.’

ಸ್ವಲ್ಪ ಹೊತ್ತು ಬಿಟ್ಟು, ‘ಆ ಹುಡುಗನ್ನ ಕಂಡೀರೇನ್ರೀ?’ ಎಂದು ಕೇಳಿದರು. ಇಲ್ಲ ಎಂದೆ. ಅವರು ಎರಡು ಸಲ ಹೋಗಿ ನೋಡಿ ಬಂದಿದ್ದರಂತೆ. ಊರ ಹೆಸರು ಹೇಳಿದರು, ಯಾವ ಬಸ್ಸು ಹಿಡಿಯಬೇಕೆಂದೂ ಹೇಳಿದರು. ಬಸ್ ಟಿಕೀಟಿನ ಹಿಂದೆ ಬರೆದುಕೊಂಡೆ.